ಮೇಲ್ಮೈ

ನಾಲ್ಕು ಗಂಟೆ ಹದಿನೇಳು ನಿಮಿಷಕ್ಕೆ ಅದು ಬರುತ್ತದೆ.
ಬರುತ್ತದೆ ಅನ್ನುವುದು ಮಾತಿಗೆ; ಕಾನಾಕ್‌ನಲ್ಲಿ ಯಾರೂ ಕಂಡವರಿಲ್ಲ.
ಎಂಟುನೂರು ಕಿಲೋಮೀಟರು ಮೇಲೆ
ಕತ್ತಲಲ್ಲೂ ಕಣ್ಣು ಬಿಟ್ಟುಕೊಂಡು
ನಮ್ಮ ಕೊಲ್ಲಿಯನ್ನು ದಾಟಿಬಿಡುತ್ತದೆ,
ನಾನು ಒಂದು ಕೈಗವಸು ಕಳಚಿ ಮತ್ತೆ ತೊಡುವಷ್ಟರಲ್ಲಿ.

ಆ ಗಳಿಗೆಗೆ ನಾನು ಹಿಮದ ಮೇಲಿರಬೇಕು.
ಕೈಯಲ್ಲಿ ಟಾರ್ಚಿನಂಥದೊಂದು ಯಂತ್ರ,
ಬೆಳಕು ಬಿಡುವುದಲ್ಲ, ಶಾಖ ಓದುವುದು.
ನೆಲಕ್ಕೆ ಹಿಡಿ, ಬರೆ: ಸೊನ್ನೆಯಿಂದ ಮೂವತ್ತೊಂದು ಕೆಳಗೆ.
ಮೇಲಿನದು ಓದಿದ್ದಕ್ಕೂ ನಾನು ಓದಿದ್ದಕ್ಕೂ
ತಾಳೆ ನೋಡುವುದು ಕೋಪನ್‌ಹೇಗನ್ನಿನವರು.
ಸಂಬಳ ಅವರದು.
ಶಾಯಿ ಹೆಪ್ಪುಗಟ್ಟುತ್ತದೆಂದು ಕಳಿಸಿದ
ಎರಡು ಡಜನ್ ಪೆನ್ಸಿಲ್ಲೂ ಅವರದೇ.

ಕಲಿಸಲು ಬಂದಿದ್ದ ಸಿಗ್ನೆ ಹೇಳಿದ್ದಳು:
ಆ ಕಣ್ಣಿಗೆ ಹಿಮ ಬಿಳಿಯಲ್ಲ, ತುಕುಮ್ಮೆಕ್,
ಕಾಡಿಗೆಗಿಂತ ಕಪ್ಪು.
ಇದ್ದಬದ್ದ ಬಿಸಿಯನ್ನೆಲ್ಲ ಮುಚ್ಚಿಡದೆ
ಆಕಾಶಕ್ಕೆ ಕೊಟ್ಟುಬಿಡುವುದಕ್ಕೆ ಆ ಹೆಸರು.
ಕೊಟ್ಟು ಕೊಟ್ಟು ತಣ್ಣಗಾಗುವವರು
ನಮ್ಮಲ್ಲೂ ಇದ್ದಾರೆ, ಅಂದೆ.
ಅವಳು ಅದನ್ನು ಬರೆದುಕೊಳ್ಳಲಿಲ್ಲ.

ಇನ್ನೊಂದು ಮಾತು ಅಂದಳು:
ಅದು ಓದುವುದು ಮೇಲ್ಮೈಯನ್ನು ಮಾತ್ರ,
ಕೂದಲೆಳೆಯಷ್ಟು ದಪ್ಪವನ್ನು. ಒಳಗಿನದು ಗೊತ್ತಿಲ್ಲ.
ಮಗುವಿನ ಹಣೆಗೆ ಅಂಗೈ ಇಟ್ಟವಳಿಗೂ
ತಿಳಿಯುವುದು ಅಷ್ಟೇ.
ಉಳಿದದ್ದು ಊಹೆ, ಎದೆಬಡಿತ.

ಸೂರ್ಯ ಅಕ್ಟೋಬರಿನಲ್ಲೇ ಹೋದವನು.
ಡಿಸೆಂಬರಿನ ಎರಡನೇ ವಾರ
ನಾನು ನಿಂತ ಚೌಕದ ಲೆಕ್ಕ ಸರಿಯಿತ್ತು;
ಪಡುವಣದ ಚೌಕಗಳು ಇದ್ದಕ್ಕಿದ್ದಂತೆ ಬಿಸಿ.
ಗಣಕ ಬರೆಯಿತು: ಮೋಡ. ಲೆಕ್ಕಕ್ಕಿಲ್ಲ.

ಮೋಡವಿರಲಿಲ್ಲ.
ದಿಗಂತದ ಹತ್ತಿರ ಒಂದು ಗೇಣು ನಕ್ಷತ್ರ ಮಾತ್ರ ಕಾಣೆ,
ಯಾರೋ ಅಲ್ಲಿ ಹಂಡೆ ಕಾಯಿಸುತ್ತಿರುವ ಹಾಗೆ.
ಕಟ್ಟಿಹಾಕಿದ್ದ ನಾಯಿಗಳು
ಬಾಲದಡಿಯಿಂದ ಮೂತಿ ತೆಗೆದು ಅತ್ತಲೇ ನೋಡುತ್ತಿದ್ದವು.

ಅಳಿಸದ ಚಿತ್ರ ತರಿಸಿಕೊಂಡೆ.
ಬೂದು ಬಯಲಿನಲ್ಲಿ ಉಗುರಿನ ಗೀರಿನಂತೆ ಒಂದು ಗೆರೆ.
ಸೊನ್ನೆಯಿಂದ ಎರಡೇ ಕೆಳಗೆ.
ಅಂದರೆ ನೀರು.
ಅದರಾಚೆ ಹ್ಯಾಲಿಬಟ್ ಹಿಡಿಯಲು ಹೋದ ಸೋದರಮಾವ
ಇನುತೆಕ್, ಒಂದು ಜಾರುಬಂಡಿ, ಹನ್ನೊಂದು ನಾಯಿ.

ರೇಡಿಯೊದಲ್ಲಿ ಅವನ ದನಿಗಿಂತ ಒಲೆಯ ಸದ್ದೇ ಹೆಚ್ಚು.
ಗೊತ್ತು, ಅಂದ. ನಿನ್ನೆಯೇ ಗೊತ್ತಾಯಿತು.
ಕಾಫಿಪುಡಿ ಇದೆ. ಕಾಯುತ್ತೇನೆ.

ಆಮೇಲೆ ನಾನು ದಿನ ಎಣಿಸಲಿಲ್ಲ, ಅದು ದಾಟುವುದನ್ನೆಣಿಸಿದೆ.
ಗೆರೆ ಆರಕ್ಕಿಳಿಯಿತು. ಒಂಬತ್ತು. ಹದಿನಾಲ್ಕು.
ಜ್ವರ ಬಿಡುವಂತೆ ನಿಧಾನವಾಗಿ.
ತಣ್ಣಗಿರು, ತಣ್ಣಗಿರು ಎಂದು ಹರಸುತ್ತ
ಪರದೆಯ ಮುಂದೆ ಕೂತಿದ್ದೆ.
ನಡುವೆ ನಿಜವಾದ ಮೋಡವೇ ಬಂತು.
ಹದಿನಾರು ಗಂಟೆ ಏನೂ ಇಲ್ಲ;
ಮೋಡ ತನ್ನ ಬೆನ್ನಿನ ಸುದ್ದಿಯನ್ನಷ್ಟೇ ಹೇಳುತ್ತದೆ.
ಅಡುಗೆಮನೆ ಎರಡು ಸಲ ಒರೆಸಿದೆ.

ಮೋಡ ಸರಿದಾಗ ಗೆರೆಗೂ ಪಕ್ಕದ ಗಡ್ಡೆಗೂ
ನಾಲ್ಕೇ ಡಿಗ್ರಿ ಅಂತರ. ಹೇಳಿದೆ.
ಅಂಕಿ ಇರಲಿ, ಕಬ್ಬಿಣವನ್ನೂ ಒಂದು ಮಾತು ಕೇಳುತ್ತೇನೆ, ಅಂದ.
ಭರ್ಜಿಯ ತುದಿಯಿಂದ ಒಂದು ಏಟು, ಎರಡು, ಮೂರು.
ನೀರು ಬರಲಿಲ್ಲ.
ಅವನು ಬಂದ.

ಬಾಗಿಲಲ್ಲಿ ನಿಂತಿದ್ದಾನೆ, ಮೀಸೆಯಲ್ಲಿ ಗಾಜು.
ಹೊರಗೆ ನಾಯಿಗಳನ್ನು ಬಿಚ್ಚಿ ಕಟ್ಟುವಾಗ
ಯಂತ್ರ ಓದುವವಳ ಚಟ, ನಾನೂ ಎಣಿಸಿದೆ.
ಹತ್ತು.
ಮತ್ತೊಮ್ಮೆ ಎಣಿಸಿದೆ.
ಬಿರುಕು ಅವನಿಗೆ ನಿನ್ನೆಯೇ ಗೊತ್ತಾದದ್ದು ಹೇಗೆಂದು
ಆಗ ನಾನು ಕೇಳಿರಲಿಲ್ಲ.
ಈಗಲೂ ಕೇಳಲಿಲ್ಲ.

ವಹಿಯ ಷರಾ ಕಾಲಂನಲ್ಲಿ ಬರೆದೆ: ಮೋಡವಲ್ಲ.
ಸುಮ್ಮನೆ ಯಂತ್ರವನ್ನು ಅವನ ಕೆನ್ನೆಗೆ ಹಿಡಿದೆ.
ಎಷ್ಟು? ಅಂದ.
ಒಂಬತ್ತು.
ಅಷ್ಟೇನಾ?

ಅದು ಮೇಲ್ಮೈ, ಅಂದೆ,
ಕಾಫಿಗೆ ನೀರಿಟ್ಟೆ.